ಪೆಟ್ಟಿಗೆಯ ಮೇಲಿನ ಸತ್ಯ

ಎಸಿ1200 ಎಂಬ ಹೆಸರಿನಲ್ಲಿ ಮಾರಾಟವಾಗುವ ವೈ-ಫೈ ರೂಟರ್‌ನ ಪೆಟ್ಟಿಗೆಯ ಮೇಲೆ 1200 ಎಂಬ ಅಂಕಿ ದಪ್ಪಕ್ಷರದಲ್ಲಿ ಕಣ್ಣಿಗೆ ಹೊಡೆಯುವಂತೆ ಇರುತ್ತದೆ. ಅದು ಎಲ್ಲಿಂದ ಬಂತು ಎಂದು ಹುಡುಕಿದರೆ ಲೆಕ್ಕ ಸರಳವಾಗಿದೆ. 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಸೆಕೆಂಡಿಗೆ 300 ಮೆಗಾಬಿಟ್, 5 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ 867. ಎರಡನ್ನೂ ಕೂಡಿದರೆ 1167. ಅದನ್ನು ಮೇಲಕ್ಕೆ ಸರಿಸಿ ದುಂಡು ಮಾಡಿದರೆ 1200. ಆದರೆ ಈ ರೂಟರ್‌ಗೆ ಸೇರಿಕೊಳ್ಳುವ ಲ್ಯಾಪ್‌ಟಾಪ್ ಒಂದು ಹೊತ್ತಿಗೆ ಒಂದೇ ಬ್ಯಾಂಡ್‌ನಲ್ಲಿರುತ್ತದೆ. ಹಾಗಾಗಿ ಆ 1200 ಅನ್ನು ಮನೆಯ ಯಾವ ಕಂಪ್ಯೂಟರೂ ಯಾವತ್ತೂ ಕಾಣುವುದಿಲ್ಲ. ಅಷ್ಟಾದರೂ ಅಂಕಿ ಸುಳ್ಳು ಎನ್ನಲು ಬರುವುದಿಲ್ಲ. 300 ನಿಜ, 867 ನಿಜ, ಕೂಡಿದ ಲೆಕ್ಕವೂ ನಿಜ.

ನಿಜದ ತುಂಡುಗಳನ್ನೇ ಜೋಡಿಸಿ ಕಟ್ಟಿದ ಮಾತು ಕೇಳಿದವರನ್ನು ತಪ್ಪು ತಿಳಿವಳಿಕೆಗೆ ಒಯ್ದರೆ ಅದನ್ನು ಸತ್ಯ ಎನ್ನಬಹುದೇ? ಪ್ರಶ್ನೆ ಬಹಳ ಹಳೆಯದು. ನೈಯಾಯಿಕರು, ಜೈನ ತಾರ್ಕಿಕರು, ಯೋಗಶಾಸ್ತ್ರದ ಭಾಷ್ಯಕಾರರು ಇದನ್ನು ಹಿಡಿದು ಶತಮಾನಗಟ್ಟಲೆ ವಾದಿಸಿದ್ದಾರೆ. ಮನೆಯ ವೈ-ಫೈ ಜಾಲ ಆ ವಾದಕ್ಕೆ ಹೊಸದೊಂದು ಅನುಕೂಲ ಒದಗಿಸುತ್ತದೆ. ಇಲ್ಲಿ ಹೇಳಿದ್ದನ್ನೂ ನಡೆದದ್ದನ್ನೂ ಗಡಿಯಾರ ಹಿಡಿದು ಅಳೆಯಬಹುದು.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಮದುವೆಯ ವಿಡಿಯೊ, ತಾಳಮದ್ದಳೆಯ ರೆಕಾರ್ಡಿಂಗ್, ಹತ್ತಾರು ವರ್ಷದ ಫೋಟೊ ಎಲ್ಲ ಸೇರಿ 40 ಜಿಬಿ ಇದೆ. ಅದನ್ನು ಹೊಸ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಬೇಕು. ಎರಡೂ ವೈ-ಫೈಯಲ್ಲಿವೆ, ಎರಡರ ಪರದೆಯಲ್ಲೂ ಸಂಪರ್ಕದ ವೇಗ 866 ಮೆಗಾಬಿಟ್ ಎಂದೇ ಕಾಣುತ್ತಿದೆ. ಒಂದು ಬೈಟ್‌ಗೆ ಎಂಟು ಬಿಟ್. 40 ಜಿಬಿ ಎಂದರೆ 3,20,000 ಮೆಗಾಬಿಟ್. ಪರದೆಯ ಅಂಕಿಯನ್ನು ನಂಬಿದರೆ ಆರು ನಿಮಿಷ ಹತ್ತು ಸೆಕೆಂಡಿನಲ್ಲಿ ಕೆಲಸ ಮುಗಿಯಬೇಕು.

ಮುಗಿಯುವುದಿಲ್ಲ. ಮೊದಲನೆಯದಾಗಿ, 866 ಎಂಬುದು ರೇಡಿಯೊ ತನ್ನ ಅಲೆಗಳ ಮೇಲೆ ಬಿಟ್‌ಗಳನ್ನು ಹೇರುವ ವೇಗ, ಫೈಲ್ ಸಾಗುವ ವೇಗವಲ್ಲ. ಒಳ್ಳೆಯ ಸ್ಥಿತಿಯಲ್ಲೂ ಅದರ ಮುಕ್ಕಾಲಿಗಿಂತ ಸಾಕಷ್ಟು ಕಡಿಮೆ, 550ರ ಆಸುಪಾಸು, ಫೈಲ್‌ಗೆ ಸಿಕ್ಕರೆ ಜಾಲ ಚೆನ್ನಾಗಿದೆ ಎಂದೇ ಅರ್ಥ. ಎರಡನೆಯದಾಗಿ, ಲ್ಯಾಪ್‌ಟಾಪ್‌ಗಳು ಒಂದಕ್ಕೊಂದು ನೇರವಾಗಿ ಮಾತಾಡುವುದಿಲ್ಲ. ಪ್ರತಿ ಪ್ಯಾಕೆಟ್ ಹಳೆಯ ಲ್ಯಾಪ್‌ಟಾಪ್‌ನಿಂದ ರೂಟರ್‌ಗೆ ಒಮ್ಮೆ, ರೂಟರ್‌ನಿಂದ ಹೊಸದಕ್ಕೆ ಇನ್ನೊಮ್ಮೆ, ಹೀಗೆ ಅದೇ ಚಾನೆಲ್‌ನಲ್ಲಿ ಎರಡು ಸಲ ಗಾಳಿಗೆ ಇಳಿಯಬೇಕು. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದಾದ್ದರಿಂದ 550 ಎಂಬುದು 275ಕ್ಕೆ ಇಳಿಯುತ್ತದೆ. ಆರು ನಿಮಿಷದ ಕೆಲಸ ಹತ್ತೊಂಬತ್ತಕ್ಕೆ ಏರುತ್ತದೆ. ಅದೂ ಎರಡೂ ಲ್ಯಾಪ್‌ಟಾಪ್ ರೂಟರ್ ಇರುವ ಕೋಣೆಯಲ್ಲೇ ಇದ್ದರೆ ಮಾತ್ರ. ಹೊಸ ಲ್ಯಾಪ್‌ಟಾಪ್ ಎರಡು ಗೋಡೆಯಾಚೆಯ ಮಲಗುವ ಕೋಣೆಯಲ್ಲಿದ್ದು, ಅಲ್ಲಿಗೆ ಫೈಲ್ ಮುಟ್ಟುವ ವೇಗ 120ಕ್ಕೆ ಬಿದ್ದಿದ್ದರೆ, ಮೊದಲ ಜಿಗಿತ 550ರಲ್ಲಿ, ಎರಡನೆಯದು 120ರಲ್ಲಿ. ಎರಡೂ ಸೇರಿ ಕೈಗೆ ಸಿಗುವುದು ನೂರಕ್ಕೂ ಕಡಿಮೆ. ಈಗ ಐವತ್ನಾಲ್ಕು ನಿಮಿಷ ಬೇಕು. ಕಾಪಿ ಕಿಟಕಿಯಲ್ಲಿ ಸೆಕೆಂಡಿಗೆ 12 ಮೆಗಾಬೈಟ್ ಎಂದು ಕಾಣುವಾಗ, ಅದೇ ಪರದೆಯ ಮೂಲೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇನ್ನೂ 866 ಎಂದೇ ಹೇಳುತ್ತಿರುತ್ತದೆ.

ಇನ್ನೊಂದು ವಿಚಾರ ಇಲ್ಲೇ ಹೇಳಿಬಿಡಬೇಕು. ಎರಡೂ ಲ್ಯಾಪ್‌ಟಾಪ್‌ಗಳನ್ನು ಗಿಗಾಬಿಟ್ ಪೋರ್ಟ್‌ಗೆ ಕೇಬಲ್ ಎಳೆದು ಜೋಡಿಸಿದರೆ ಸುಮಾರು 940 ಮೆಗಾಬಿಟ್ ವೇಗ ನಿಜವಾಗಿಯೂ ಸಿಗುತ್ತದೆ. ಡಿಸ್ಕ್‌ಗಳು ಕೈಕೊಡದಿದ್ದರೆ 40 ಜಿಬಿ ಐದೂಮುಕ್ಕಾಲು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಸಾವಿರ ಎಂದು ಹೇಳಿ ಒಂಬೈನೂರ ನಲವತ್ತು ಕೊಡುವ ತಂತ್ರಜ್ಞಾನ ಮತ್ತು 866 ಎಂದು ಹೇಳಿ ನೂರು ಕೊಡುವ ತಂತ್ರಜ್ಞಾನ ಒಂದೇ ಪೆಟ್ಟಿಗೆಯೊಳಗೆ ಕೂತಿವೆ. ಎರಡರ ಅಂಕಿಗಳನ್ನೂ ಒಂದೇ ಧಾಟಿಯಲ್ಲಿ ಅಚ್ಚು ಹಾಕಲಾಗುತ್ತದೆ. ಕೊಳ್ಳುವವರಿಗೆ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ. ಅಗ್ಗದ ಎಸಿ1200 ರೂಟರ್‌ಗಳಲ್ಲಿ ಎಷ್ಟೋ ಮಾದರಿಗಳ ಲ್ಯಾನ್ ಪೋರ್ಟ್ 100 ಮೆಗಾಬಿಟ್‌ನದು. ಅಲ್ಲಿ ಕೇಬಲ್ ಹಾಕಿದರೂ 94 ದಾಟುವುದಿಲ್ಲ.

ಕಳೆದುಹೋದ ವೇಗವನ್ನು ಯಾರೋ ಕದ್ದದ್ದಲ್ಲ. ಅದು ಹೋಗುವುದು ಸಭ್ಯತೆಗೆ. 1999ರ 802.11ಎ ಎಂಬ ವೈ-ಫೈ ಮಾನಕದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅದರ ಘೋಷಿತ ವೇಗ 54 ಮೆಗಾಬಿಟ್. ಆ ವೇಗದಲ್ಲಿ 1500 ಬೈಟ್‌ನ ಒಂದು ಪ್ಯಾಕೆಟ್ ಹೊರಟು ಮುಗಿಯಲು ಸುಮಾರು 250 ಮೈಕ್ರೊಸೆಕೆಂಡ್ ಸಾಕು. ಆದರೆ ಕಳಿಸುವ ಯಂತ್ರ ಮೊದಲು 34 ಮೈಕ್ರೊಸೆಕೆಂಡ್ ಸುಮ್ಮನಿದ್ದು, ಬೇರೆ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಕಿವಿಗೊಡಬೇಕು. ಗಾಳಿ ಖಾಲಿ ಇದೆ ಎಂದು ಗೊತ್ತಾದ ಮೇಲೂ ತಕ್ಷಣ ಹೊರಡುವಂತಿಲ್ಲ. 0ರಿಂದ 15ರೊಳಗಿನ ಒಂದು ಸಂಖ್ಯೆಯನ್ನು ಚೀಟಿ ಎತ್ತಿದಂತೆ ಆರಿಸಿಕೊಂಡು, ಅಷ್ಟು ಸಲ 9 ಮೈಕ್ರೊಸೆಕೆಂಡ್ ಕಾಯಬೇಕು; ಇಬ್ಬರು ಒಟ್ಟಿಗೇ ಬಾಯಿ ತೆರೆಯದಿರಲಿ ಎಂದು ಈ ಏರ್ಪಾಡು. ಪ್ಯಾಕೆಟ್ ತಲುಪಿದ ಮೇಲೆ 16 ಮೈಕ್ರೊಸೆಕೆಂಡ್ ಬಿಟ್ಟು, ತಲುಪಿತೆಂಬ ಪುಟ್ಟ ಉತ್ತರ ಹಿಂದಕ್ಕೆ ಬರಬೇಕು. ಇವೆಲ್ಲ ಸೇರಿ ಸರಾಸರಿ 140 ಮೈಕ್ರೊಸೆಕೆಂಡ್ ಆಯಿತು. ಇದರ ಮೇಲೆ ಫೈಲ್ ಸಾಗಿಸುವ ಟಿಸಿಪಿ ತನ್ನದೇ ರಸೀದಿಗಳನ್ನು ಕೇಳುತ್ತದೆ, ಅವೂ ಇದೇ ಸರದಿಯಲ್ಲಿ ನಿಲ್ಲಬೇಕು. ಹೀಗಾಗಿ 54 ಎಂದು ಬರೆದ ಜಾಲಗಳಲ್ಲಿ ಫೈಲ್‌ಗಳು 20ರಿಂದ 25ರ ವೇಗದಲ್ಲಿ ಓಡುತ್ತಿದ್ದವು. ಮುಂದಿನ ಮಾನಕಗಳು ಹಲವು ಪ್ಯಾಕೆಟ್‌ಗಳನ್ನು ಒಂದೇ ಕಂತೆ ಕಟ್ಟಿ ಕಳಿಸುವ ಉಪಾಯದಿಂದ ಈ ನಷ್ಟವನ್ನು ಬಹಳಷ್ಟು ತಗ್ಗಿಸಿವೆ. ಪೂರ್ತಿ ನೀಗಿಸಲು ಆಗಿಲ್ಲ, ಆಗುವುದೂ ಇಲ್ಲ. ಪರಸ್ಪರ ಕಾಣದವರು ಒಂದೇ ಗಾಳಿಯನ್ನು ಹಂಚಿಕೊಳ್ಳುವಾಗ ಸರದಿ ಕಾಯುವುದು ಅನಿವಾರ್ಯ.

ಈಗ ಪ್ರಶ್ನೆಗೆ ಮರಳಬಹುದು. ಪತಂಜಲಿಯ ಯೋಗಸೂತ್ರಗಳಲ್ಲಿ ಯಮಗಳನ್ನು ಹೇಳುವಾಗ ಅಹಿಂಸೆಯ ಪಕ್ಕದಲ್ಲೇ ಸತ್ಯ ಬರುತ್ತದೆ. ವ್ಯಾಸಭಾಷ್ಯ ಅದನ್ನು ವಿವರಿಸುವ ರೀತಿ ಗಮನಾರ್ಹ. ಕಂಡಂತೆ, ಊಹಿಸಿದಂತೆ, ಕೇಳಿದಂತೆ ಮನಸ್ಸೂ ಮಾತೂ ಇರಬೇಕು ಎಂಬಲ್ಲಿಗೆ ಭಾಷ್ಯಕಾರ ನಿಲ್ಲಿಸುವುದಿಲ್ಲ. ಮಾತು ಆಡುವುದೇ ತನ್ನ ತಿಳಿವಳಿಕೆಯನ್ನು ಇನ್ನೊಬ್ಬರಿಗೆ ದಾಟಿಸಲು. ಆದ್ದರಿಂದ ಅದು ವಂಚಿಸುವಂತಿರಬಾರದು, ಭ್ರಮೆಯಿಂದ ಹುಟ್ಟಿರಬಾರದು, ಕೇಳಿದವರಲ್ಲಿ ಯಾವ ತಿಳಿವನ್ನೂ ಹುಟ್ಟಿಸದ ಬಂಜೆಮಾತೂ ಆಗಿರಬಾರದು ಎಂದು ಮೂರು ಕಟ್ಟುಗಳನ್ನು ಹಾಕುತ್ತಾನೆ. ಅಂದರೆ ಸತ್ಯವನ್ನು ತೂಗುವ ಜಾಗ ಹೇಳಿದವನ ಬಾಯಲ್ಲ, ಕೇಳಿದವನ ಬುದ್ಧಿ.

ಈ ಭಾಷ್ಯಕ್ಕೆ ಟೀಕೆ ಬರೆದ ವಾಚಸ್ಪತಿ ಮಿಶ್ರ ವಂಚಿಸುವ ಮಾತಿಗೆ ಎತ್ತಿಕೊಂಡ ಉದಾಹರಣೆ ಎಲ್ಲರಿಗೂ ಗೊತ್ತಿರುವಂಥದ್ದು: ದ್ರೋಣರಿಗೆ ಯುಧಿಷ್ಠಿರ ಕೊಟ್ಟ ಉತ್ತರ. ಅಶ್ವತ್ಥಾಮ ಎಂಬ ಆನೆ ಸತ್ತಿತ್ತು. ಸತ್ತ ಸಂಗತಿ ನಿಜ, ಹೆಸರು ನಿಜ, ಆನೆ ಎಂಬ ಷರತ್ತನ್ನೂ ಧರ್ಮರಾಯ ಮೆಲುದನಿಯಲ್ಲಿ ಸೇರಿಸಿಯೇ ಇದ್ದ. ಆದರೆ ತಂದೆಯ ಮನಸ್ಸಿಗೆ ಮುಟ್ಟಿದ್ದು ಮಗನ ಸಾವು. ನೆಲದಿಂದ ನಾಲ್ಕು ಬೆರಳು ಮೇಲಿರುತ್ತಿದ್ದ ಯುಧಿಷ್ಠಿರನ ರಥ ಆ ಹೊತ್ತಿಗೆ ನೆಲಕ್ಕೆ ತಾಗಿತು ಎಂದು ಮಹಾಭಾರತ ಹೇಳುತ್ತದೆ. ಆ ಕಥೆಯಲ್ಲಿ ತೀರ್ಪು ಇರುವುದು ವಾಕ್ಯದ ಮೇಲಲ್ಲ, ದನಿಯ ಏರಿಳಿತದ ಮೇಲೆ. ಯಾವುದನ್ನು ಜೋರಾಗಿ ಹೇಳಿದ, ಯಾವುದನ್ನು ನುಂಗಿದ ಎಂಬುದೇ ಅಲ್ಲಿ ಅಪರಾಧ. ದಪ್ಪಕ್ಷರದ 1200, ಅದರ ತಳದಲ್ಲಿ ಭೂತಗನ್ನಡಿ ಬೇಡುವ ಅಕ್ಷರದಲ್ಲಿ ‘ವಾಸ್ತವ ವೇಗ ಬೇರೆಯಾಗಬಹುದು’ ಎಂಬ ಸಾಲು: ಇಲ್ಲಿನ ರಚನೆಯೂ ಅದೇ. ಯುದ್ಧದ ಹಾನಿಗೂ ಕಾಪಿಯಾಗದ ಫೋಟೊಗೂ ಹೋಲಿಕೆಯಿಲ್ಲ, ನಿಜ. ಆದರೆ ಸತ್ಯದ ಲಕ್ಷಣವನ್ನು ಕೇಳುವಾಗ ಹಾನಿಯ ಗಾತ್ರ ಮುಖ್ಯವಾಗುವುದಿಲ್ಲ.

ಎಂಜಿನಿಯರ್‌ಗಳ ಕಡೆಯಿಂದ ಒಂದು ಗಟ್ಟಿ ಆಕ್ಷೇಪ ಇದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ವಾಸ್ತವ ವೇಗವನ್ನು ಪೆಟ್ಟಿಗೆಯ ಮೇಲೆ ಹೇಗೆ ಅಚ್ಚು ಹಾಕುವುದು? ಅದು ಪೆಟ್ಟಿಗೆಯೊಳಗೆ ಇಲ್ಲವೇ ಇಲ್ಲ. ಮಂಗಳೂರಿನ ಮುರಕಲ್ಲಿನ ದಪ್ಪ ಗೋಡೆಯ ಮನೆಯಲ್ಲಿ ಒಂದು, ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಅಕ್ಕಪಕ್ಕದ ಹತ್ತಾರು ರೂಟರ್‌ಗಳ ನಡುವೆ ಇನ್ನೊಂದು, ಅದೇ ಮನೆಯಲ್ಲಿ ಮೈಕ್ರೊವೇವ್ ಓವನ್ ಹಚ್ಚಿದಾಗ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಮತ್ತೊಂದು. ರೇಡಿಯೊದ ಗರಿಷ್ಠ ವೇಗವೊಂದೇ ಎಲ್ಲೆಡೆ ಸಮನಾಗಿ ಹೇಳಲು ಬರುವಂಥದ್ದು, ಅದನ್ನೇ ಹೇಳುತ್ತೇವೆ ಎನ್ನುತ್ತಾರೆ ಅವರು. ಈ ಮಾತಿನಲ್ಲಿ ಹುರುಳಿದೆ. ಮನೆಯೊಳಗೆ ಕಾಲಿಡುವ ಮುನ್ನ ‘ಈ ರೂಟರ್‌ನ ನಿಜವಾದ ವೇಗ’ ಎಂಬ ವಸ್ತುವೇ ಇರುವುದಿಲ್ಲ. ವೇಗವೆಂಬುದು ಯಂತ್ರದ ಗುಣವಲ್ಲ, ಯಂತ್ರಕ್ಕೂ ಗೋಡೆಗೂ ನೆರೆಹೊರೆಗೂ ನಡುವಿನ ಸಂಬಂಧ.

ಇಲ್ಲಿಗೆ ಬಂದಾಗ ನೆರವಿಗೆ ನಿಲ್ಲುವುದು ಜೈನರ ತರ್ಕ. ವಸ್ತುವಿಗೆ ಅನಂತ ಮುಖಗಳಿವೆ, ಯಾವುದೇ ಹೇಳಿಕೆ ಒಂದು ನೆಲೆಯಿಂದ ಮಾತ್ರ ನಿಜ, ಆ ನೆಲೆಯನ್ನು ಹೇಳಿಕೆಯ ಒಳಗೇ ಇಡಬೇಕು ಎಂಬುದು ಸ್ಯಾದ್ವಾದದ ತಿರುಳು. 12ನೇ ಶತಮಾನದ ಹೇಮಚಂದ್ರ ಇದನ್ನು ಮೂರು ಮೆಟ್ಟಿಲು ಮಾಡಿ ತೋರಿಸಿದ. ‘ಹೀಗೆಯೇ ಇದೆ, ಬೇರೆ ಅಲ್ಲ’ ಎಂಬುದು ದುರ್ನಯ. ‘ಹೀಗಿದೆ’ ಎಂಬುದು ನಯ, ಅಂದರೆ ಒಂದು ಬದಿಯ ನೋಟ. ‘ಈ ನೆಲೆಯಿಂದ ನೋಡಿದರೆ ಹೀಗಿದೆ’ ಎಂಬುದು ಪ್ರಮಾಣ. ದುರ್ನಯದಲ್ಲಿರುವ ದೋಷ ಸುಳ್ಳು ಹೇಳುವುದಲ್ಲ, ಉಳಿದ ಬದಿಗಳನ್ನು ಅಳಿಸಿಹಾಕುವುದು.

867 ಎಂಬ ಅಂಕಿಗೆ ಇದನ್ನು ಹಚ್ಚಿ ನೋಡಿದರೆ ವಿಷಯ ಥಟ್ಟನೆ ತಿಳಿಯಾಗುತ್ತದೆ. ರೂಟರ್ ಮತ್ತು ಲ್ಯಾಪ್‌ಟಾಪ್ ಎರಡಕ್ಕೂ ಎರಡೆರಡು ಆಂಟೆನಾ ಇದ್ದು ಎರಡು ಧಾರೆ ಒಟ್ಟಿಗೆ ಹರಿದರೆ, ಚಾನೆಲ್ 80 ಮೆಗಾಹರ್ಟ್ಸ್ ಅಗಲ ಸಿಕ್ಕರೆ, ಪ್ರತಿ ಸಂಕೇತದ ಮೇಲೆ ಎಂಟು ಬಿಟ್ ಹೊರಿಸುವಷ್ಟು ಅಲೆ ಶುದ್ಧವಾಗಿದ್ದರೆ, ಆರು ಬಿಟ್‌ಗಳಲ್ಲಿ ಒಂದನ್ನು ಮಾತ್ರ ತಪ್ಪು ತಿದ್ದಲು ಮೀಸಲಿಟ್ಟರೆ ಸಾಕಾಗುವಂತಿದ್ದರೆ, ಸಂಕೇತಗಳ ನಡುವಿನ ಬಿಡುವು 400 ನ್ಯಾನೊಸೆಕೆಂಡ್ ಮಾತ್ರವಾಗಿದ್ದರೆ, ಆಗ 867. ಇಷ್ಟೂ ‘ರೆ’ಗಳು ಕೂಡುವುದು ರೂಟರ್‌ನಿಂದ ಕೆಲವೇ ಅಡಿ ದೂರದಲ್ಲಿ. ಗೋಡೆ ಅಡ್ಡ ಬಂದಂತೆ ಯಂತ್ರವೇ ಎಂಟು ಬಿಟ್‌ನಿಂದ ಆರಕ್ಕೆ, ನಾಲ್ಕಕ್ಕೆ, ಎರಡಕ್ಕೆ ಇಳಿದುಕೊಳ್ಳುತ್ತದೆ. ರೇಡಿಯೊಗೆ ತನ್ನ ನೆಲೆ ಸೆಕೆಂಡಿಗೆ ಎಷ್ಟೋ ಬಾರಿ ನೆನಪಾಗುತ್ತದೆ. ಅಂಕಿಯನ್ನು ಅಚ್ಚು ಹಾಕಿಸಿದವರು ಅದನ್ನು ಒಮ್ಮೆಯಾದರೂ ಹೇಳಬೇಡವೇ?

ನೆಲೆ ಹೇಳದ ಮಾತಿಗೆ ಆಡಂಬರ ಎಷ್ಟಿದ್ದರೂ ಅದು ಆಪ್ತವಾಕ್ಯ, ಅಂದರೆ ನಂಬಲರ್ಹ ಮಾತು, ಆಗದು ಎಂಬುದಕ್ಕೆ ಜೈನಾಚಾರ್ಯ ಸಮಂತಭದ್ರರ ‘ಆಪ್ತಮೀಮಾಂಸೆ’ ಒಳ್ಳೆಯ ಆಧಾರ. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಶಾಸನ ಈ ಆಚಾರ್ಯರ ವಾದಯಾತ್ರೆಯನ್ನು ಕೊಂಡಾಡುತ್ತದೆ. ಅವರು ತಮ್ಮ ಕೃತಿಯನ್ನು ತೊಡಗುವುದೇ ಜಿನನನ್ನು ಉದ್ದೇಶಿಸಿ ಕೇಳಿದ ದಿಟ್ಟ ಮಾತಿನಿಂದ: ದೇವತೆಗಳು ಬಂದು ಸೇವಿಸುವುದು, ಆಕಾಶದಲ್ಲಿ ನಡೆಯುವುದು, ಚಾಮರ ಬೀಸುವುದು ಇವೆಲ್ಲ ಮಾಯಾವಿಗಳಲ್ಲೂ ಕಾಣುತ್ತವೆ, ಅದಕ್ಕಾಗಿ ನೀನು ನಮಗೆ ದೊಡ್ಡವನಲ್ಲ. ಮಾತು ಯುಕ್ತಿಗೆ ಎದುರಾಗದೆ ನಿಲ್ಲುತ್ತದೆಯೇ ಎಂಬುದೇ ಅವರ ಒರೆಗಲ್ಲು. ತಮ್ಮ ಆರಾಧ್ಯನಿಗೇ ಈ ಪರೀಕ್ಷೆ ಒಡ್ಡಿದ ಪರಂಪರೆ ಒಂದು ರಟ್ಟಿನ ಪೆಟ್ಟಿಗೆಗೆ ವಿನಾಯಿತಿ ಕೊಡಲಾರದು.

ನ್ಯಾಯದರ್ಶನ ಇದನ್ನೇ ಇನ್ನಷ್ಟು ನೆಲಕ್ಕೆ ಇಳಿಸುತ್ತದೆ. ನಂಬಲರ್ಹ ವ್ಯಕ್ತಿ ಯಾರು ಎಂಬುದಕ್ಕೆ ವಾತ್ಸ್ಯಾಯನ ತನ್ನ ನ್ಯಾಯಭಾಷ್ಯದಲ್ಲಿ ಕೊಡುವ ಲಕ್ಷಣ ಎರಡೇ: ವಿಷಯವನ್ನು ತಾನೇ ಕಂಡು ತಿಳಿದಿರಬೇಕು, ತಿಳಿದಂತೆ ತಿಳಿಸಬೇಕೆಂಬ ಹಂಬಲ ಇರಬೇಕು. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣ ಒಂದೇ ಎಂದು ಅವನು ಸೇರಿಸುತ್ತಾನೆ. ಕುಲವಲ್ಲ, ಪ್ರತಿಷ್ಠೆಯಲ್ಲ, ತಿಳಿಸುವ ಮನಸ್ಸು ಮುಖ್ಯ. ರೂಟರ್ ತಯಾರಕರಲ್ಲಿ ಮೊದಲನೆಯದು ಧಾರಾಳವಾಗಿದೆ. ಅವರಷ್ಟು ಚೆನ್ನಾಗಿ ಈ ಯಂತ್ರವನ್ನು ಬಲ್ಲವರಿಲ್ಲ. ಕೊರತೆ ಇರುವುದು ಎರಡನೆಯದರಲ್ಲಿ. ಜ್ಞಾನ ನಿಜವೇ ಎಂದು ತಿಳಿಯುವುದು ಅದನ್ನು ನಂಬಿ ಕೈಹಾಕಿದ ಕೆಲಸ ಫಲಿಸಿದಾಗ ಎಂದೂ ಅದೇ ಭಾಷ್ಯದ ಮೊದಲ ಸಾಲುಗಳು ಹೇಳುತ್ತವೆ. ಆ ಪ್ರಕಾರ ಪ್ರಮಾಣ ಇರುವುದು ಪರದೆಯ ಮೂಲೆಯ 866ರಲ್ಲಲ್ಲ, ಕಾಪಿ ಮುಗಿದ ಹೊತ್ತಿನಲ್ಲಿ. ಐಪರ್ಫ್ ಎಂಬ ಉಚಿತ ತಂತ್ರಾಂಶವನ್ನು ಎರಡೂ ಲ್ಯಾಪ್‌ಟಾಪ್‌ಗೆ ಹಾಕಿ ಓಡಿಸಿದರೆ ಡಿಸ್ಕ್‌ನ ನಿಧಾನ ಬೆರೆಯದಂತೆ ಜಾಲದ ವೇಗವೊಂದನ್ನೇ ಅಳೆಯಬಹುದು. ಬೇರೆ ಬೇರೆ ಕೋಣೆಯಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಅಳೆದಾಗ ಸಿಗುವ ಅಂಕಿಗಳ ಗುಂಪೇ ಆ ಮನೆಯ ಮಟ್ಟಿಗೆ ಸತ್ಯಕ್ಕೆ ಹತ್ತಿರ.

ಆ ಗುಂಪಿನಲ್ಲೂ ಒಂದು ಅಚ್ಚರಿ ಅಡಗಿದೆ. 2003ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು 802.11ಬಿ ಜಾಲದ ಒಂದು ವಿಚಿತ್ರ ನಡವಳಿಕೆಯನ್ನು ವಿವರಿಸಿದರು. ಹತ್ತಿರ ಕೂತ ಯಂತ್ರ 11 ಮೆಗಾಬಿಟ್‌ನಲ್ಲೂ ದೂರದ ಒಂದು ಯಂತ್ರ 1 ಮೆಗಾಬಿಟ್‌ನಲ್ಲೂ ಮಾತಾಡುತ್ತಿದ್ದರೆ, ಇಬ್ಬರ ಕೈಗೂ ಸಿಗುವುದು 1ಕ್ಕಿಂತ ಕಡಿಮೆ. ಕಾರಣ, ಜಾಲ ಎಲ್ಲರಿಗೂ ಸಮಾನ ಸರದಿ ಕೊಡುತ್ತದೆ, ಸಮಾನ ಸಮಯವನ್ನಲ್ಲ. ನಿಧಾನದ ಯಂತ್ರ ತನ್ನ ಸರದಿಯನ್ನು ಹನ್ನೊಂದು ಪಟ್ಟು ಉದ್ದಕ್ಕೆ ಎಳೆಯುತ್ತದೆ. ಆಮೇಲೆ ಬಂದ ಎಷ್ಟೋ ರೂಟರ್‌ಗಳು ಸಮಯವನ್ನೇ ಸಮನಾಗಿ ಹಂಚುವ ವಿಧಾನ ಅಳವಡಿಸಿಕೊಂಡವು. ಎರಡರಲ್ಲಿ ಯಾವುದು ನ್ಯಾಯ ಎಂಬುದಕ್ಕೆ ಒಂದೇ ಉತ್ತರವಿಲ್ಲ, ಹಿತ್ತಿಲ ಕೋಣೆಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುವ ಮಗುವಿಗೆ ಮೊದಲನೆಯದೇ ಹಿತ. ಆದರೆ ಒಂದು ಮಾತು ಖಚಿತವಾಯಿತು: ‘ನನ್ನ ಲ್ಯಾಪ್‌ಟಾಪ್‌ನ ವೇಗ’ ಎಂಬುದು ಮನೆಯ ಉಳಿದವರೆಲ್ಲ ಎಲ್ಲಿ ಕೂತಿದ್ದಾರೆ ಎಂಬುದನ್ನೂ ಒಳಗೊಂಡ ಹೇಳಿಕೆ.

ಷರತ್ತನ್ನು ದೊಡ್ಡ ದನಿಯಲ್ಲಿ ಹೇಳುವುದು ವ್ಯಾಪಾರದಲ್ಲಿ ಆಗದ ಕೆಲಸ ಎನ್ನುವವರಿಗೆ ಬ್ರಿಟನ್ನಿನ ಅನುಭವ ಉತ್ತರ ಕೊಡುತ್ತದೆ. ಅಲ್ಲಿನ ಬ್ರಾಡ್‌ಬ್ಯಾಂಡ್ ಜಾಹೀರಾತುಗಳಲ್ಲಿ, ಹತ್ತರಲ್ಲಿ ಒಬ್ಬ ಗ್ರಾಹಕನಿಗೆ ಸಿಕ್ಕರೂ ಸಾಕು, ಆ ವೇಗವನ್ನು ‘ಇಷ್ಟರವರೆಗೆ’ ಎಂದು ಸಾರಬಹುದಿತ್ತು. 2018ರ ಮೇ 23ರಿಂದ ನಿಯಮ ಬದಲಾಯಿತು. ರಾತ್ರಿ 8ರಿಂದ 10ರ ನಡುವೆ, ಜಾಲ ತುಂಬಿ ತುಳುಕುವ ಹೊತ್ತಿನಲ್ಲಿ, ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ಸಿಗುವ ವೇಗವನ್ನೇ ಹೇಳಬೇಕು ಎಂದಾಯಿತು. ಜಾಹೀರಾತಿನ ಅಂಕಿಗಳು ಇಳಿದವು, ವ್ಯಾಪಾರ ನಿಲ್ಲಲಿಲ್ಲ. ಅದು ಮನೆಯವರೆಗೆ ಬರುವ ಸಂಪರ್ಕದ ಮಾತು. ಮನೆಯೊಳಗಿನ ವೈ-ಫೈಗೆ ಹಾಗೆಯೇ ಅನ್ವಯಿಸದು. ಆದರೂ ರೂಟರ್ ಪೆಟ್ಟಿಗೆಯ ಮೇಲೆ ‘ಅದೇ ಕೋಣೆಯಲ್ಲಿ ಇಷ್ಟು, ಒಂದು ಇಟ್ಟಿಗೆ ಗೋಡೆಯಾಚೆ ಇಷ್ಟು, ಎರಡು ವೈ-ಫೈ ಕಂಪ್ಯೂಟರ್‌ಗಳ ನಡುವೆ ಇದರ ಅರ್ಧ’ ಎಂದು ಮೂರು ಸಾಲು ಅಚ್ಚು ಹಾಕಲು ತಾಂತ್ರಿಕ ಅಡ್ಡಿ ಏನೂ ಇಲ್ಲ. ಅಳತೆಯ ಕ್ರಮವನ್ನು ಒಪ್ಪಿಕೊಂಡು ನಿಗದಿ ಮಾಡಿದರಾಯಿತು. ಹಾಗೆ ಮಾಡಬೇಕು ಎಂದು ಒತ್ತಾಯಿಸುವುದು ಗ್ರಾಹಕರ ಹಕ್ಕಷ್ಟೇ ಅಲ್ಲ, ಸತ್ಯವನ್ನು ವ್ರತವೆಂದು ಬಗೆದ ನಾಡಿನಲ್ಲಿ ಅದು ಸಹಜ ನಿರೀಕ್ಷೆ.

ಮಿತಿಯನ್ನು ಮುಚ್ಚಿಡದೆ ಹೇಳುವ ಕೆಲಸವನ್ನು ನಿಸ್ತಂತು ಜಾಲದ ಮೂಲಪುರುಷರಲ್ಲಿ ಒಬ್ಬರು ಮಾಡಿಯೂ ತೋರಿಸಿದ್ದರು. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ದ್ವೀಪಗಳ ನಡುವೆ ರೇಡಿಯೊ ಮೂಲಕ ಕಂಪ್ಯೂಟರ್ ಬಳಸುವ ಅಲೋಹಾ ಜಾಲವನ್ನು 1970ರ ಪ್ರಬಂಧದಲ್ಲಿ ಪರಿಚಯಿಸಿದರು. ಮರುವರ್ಷ ಅದು ಕೆಲಸ ಶುರು ಮಾಡಿತು. ಅಲ್ಲಿ ಸರದಿ ಇರಲಿಲ್ಲ, ಯಾರು ಯಾವಾಗ ಬೇಕಾದರೂ ಕಳಿಸಬಹುದಿತ್ತು, ಡಿಕ್ಕಿಯಾದರೆ ಮತ್ತೆ ಕಳಿಸಬೇಕಿತ್ತು. ಈ ವಿಧಾನದಲ್ಲಿ ಚಾನೆಲ್‌ನ ಸಾಮರ್ಥ್ಯದ ಶೇ 18.4ಕ್ಕಿಂತ ಹೆಚ್ಚು ಎಂದಿಗೂ ಬಳಕೆಗೆ ಬರದು ಎಂಬ ಲೆಕ್ಕವನ್ನು ಅಬ್ರಾಮ್ಸನ್ ಅದೇ ಪ್ರಬಂಧದಲ್ಲಿ ಹಾಕಿ ತೋರಿಸಿದರು. ತನ್ನ ಆವಿಷ್ಕಾರದ ಮಿತಿಯನ್ನು ಅದರ ಮೊದಲ ಪರಿಚಯದಲ್ಲೇ ಬರೆದಿಟ್ಟ ಈ ನಡೆಗೆ ಫಲವೂ ಸಿಕ್ಕಿತು. ಕಳಿಸುವ ಹೊತ್ತನ್ನು ಸಮಾನ ತುಂಡುಗಳಾಗಿ ಕತ್ತರಿಸಿದರೆ ಮಿತಿ ಶೇ 36.8ಕ್ಕೆ ಏರುತ್ತದೆ ಎಂದು ಲಾರೆನ್ಸ್ ರಾಬರ್ಟ್ಸ್ ತೋರಿಸಿದರು. ರಾಬರ್ಟ್ ಮೆಟ್‌ಕಾಫ್ ಆ ಪ್ರಬಂಧ ಓದಿ, ಉತ್ತರ ಬಾರದಿದ್ದರೂ ಬಳಕೆದಾರರು ಟೈಪ್ ಮಾಡುತ್ತಲೇ ಇರುತ್ತಾರೆ ಎಂಬ ಅದರೊಳಗಿನ ಊಹೆಯನ್ನು ಒಪ್ಪದೆ, ಲೆಕ್ಕವನ್ನು ಹೊಸದಾಗಿ ಹಾಕಿದರು. 1973ರಲ್ಲಿ ಝೆರಾಕ್ಸ್‌ನ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಈಥರ್ನೆಟ್ ರೂಪುಗೊಂಡದ್ದು ಆ ಚಿಂತನೆಯ ಮುಂದುವರಿಕೆಯಾಗಿ. ಸಾವಿರ ಎಂದು ಹೇಳಿ ಒಂಬೈನೂರ ನಲವತ್ತು ಕೊಡುವ ಕೇಬಲ್ ಅದೇ ವಂಶದ್ದು.